ಗಾಳಿಯಲ್ಲಿ ತೇಲುವ ಮಸಿ

ಹಂಚಿನ ಕಿಂಡಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳು ತೇಲಾಡುವುದನ್ನು ನೀವು ನೋಡಿರುತ್ತೀರಿ. ಗಾಳಿಯಲ್ಲಿ ತೇಲುವ ಇಂಥ ಸೂಕ್ಷ್ಮ ಕಣಗಳಿಗೆ ಏರೋಸಾಲ್ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್.ಕೆ. ಸತೀಶ್ ಅವರು ವಿ. ರಾಮನಾಥನ್ ಅವರೊಂದಿಗೆ 2000ದಲ್ಲಿ ಪ್ರಕಟಿಸಿದ ಲೆಕ್ಕ ಕೇಳಿ. ಉತ್ತರ ಹಿಂದೂ ಮಹಾಸಾಗರದಲ್ಲಿ ಚಳಿಗಾಲದ ಏರೋಸಾಲ್‌ನಿಂದಾಗಿ ಆಕಾಶಕ್ಕೆ ಹಿಂತಿರುಗಿದ ಬಿಸಿಲು ಒಂದು ಪಾಲಾದರೆ, ಸಮುದ್ರಕ್ಕೆ ಕಡಿಮೆಯಾದದ್ದು ಸುಮಾರು ಮೂರು ಪಾಲು! ಉಳಿದೆರಡು ಪಾಲು ಎಲ್ಲಿ ಹೋಯಿತು? ಮುಖ್ಯವಾಗಿ ಮಸಿ ಅದನ್ನು ಹೀರಿ ಗಾಳಿಯನ್ನೇ ಕಾಯಿಸಿತು. ಸಮುದ್ರಕ್ಕೆ ಬಿಸಿಲು ಕಡಿಮೆಯಾದರೆ ಆವಿ ಏಳುವುದೂ ಕಡಿಮೆ. ನಮ್ಮ ಮಳೆಯ ಪ್ರಶ್ನೆ ಇರುವುದು ಇಲ್ಲಿಯೇ.

ಈ ಮಸಿ ಸೌದೆ ಒಲೆಯಿಂದ, ಡೀಸೆಲ್ ಲಾರಿಯಿಂದ, ಹೊಲದಲ್ಲಿ ಸುಡುವ ಕೂಳೆಯಿಂದ ಬರುತ್ತದೆ. ಆಕಾಶಕ್ಕೆ ಹೋದದ್ದು ಒಂದೆರಡು ವಾರದೊಳಗೆ ಕೆಳಗಿಳಿಯುತ್ತದೆ. ಒಲೆಯ ಮುಂದೆ ಕುಳಿತ ತಾಯಂದಿರ ಎದೆಗೆ ಹೋದದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.