ಹಳೆ ವ್ಯಾನು, ಬಳ್ಳಾರಿ ಬಿಸಿಲು, ಬೋರಿನ ನೀರು

ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿ, ಅಡುಗೆ ಸಾಮಾನು, ನೀರಿನ ಕ್ಯಾನು ತುಂಬಿಕೊಂಡು ಹಳೆ ಮಾರುತಿ ಓಮ್ನಿಯಲ್ಲಿ ಮಂತ್ರಾಲಯಕ್ಕೋ ಹಂಪಿಗೋ ಹೊರಡುವವರು ಸಂಗನಕಲ್ಲು, ಕುರುಗೋಡು, ಸಿರುಗುಪ್ಪದ ಕಡೆ ಇದ್ದೀರಿ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಇವತ್ತು ರಸ್ತೆಯಲ್ಲಿರುವ ಓಮ್ನಿಗಳಿಗೆಲ್ಲ ವಯಸ್ಸಾಗಿದೆ. ಮೇಲಾಗಿ ಅದರ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಕಾದರೆ ಆ ಬಿಸಿ ಮೊದಲು ತಟ್ಟುವುದು ಕೂತವರಿಗೆ.

ಇಂಜಿನ್ ಬಿಸಿ ತೋರಿಸುವ ಸೂಜಿ ಕೆಂಪು ಗೆರೆಯತ್ತ ಏರತೊಡಗಿದರೆ ಏಸಿ ಆರಿಸಿ, ನೆರಳು ಕಂಡಲ್ಲಿ ಪಕ್ಕಕ್ಕೆ ನಿಲ್ಲಿಸಿ. ಹಬೆ ಬಂತೆಂದರೆ ನೆರಳಿಗೂ ಕಾಯಬೇಡಿ, ಇಂಜಿನ್ ಆಫ್ ಮಾಡಿ, ಮಕ್ಕಳನ್ನು ಕೆಳಗಿಳಿಸಿ ರಸ್ತೆಯಿಂದ ದೂರ ಕೂರಿಸಿ. ಏರಿದ್ದ ಸೂಜಿ ತಟ್ಟನೆ ಇಳಿದರೆ ಖುಷಿಪಡಬೇಡಿ. ನೀರು ಖಾಲಿಯಾದಾಗ ಬಿಸಿ ಅಳೆಯುವ ಸೆನ್ಸರ್‌ಗೆ ಮುಟ್ಟಲು ನೀರೇ ಇರುವುದಿಲ್ಲ, ಆಗಲೂ ಸೂಜಿ ಬೀಳಬಹುದು.

ರೇಡಿಯೇಟರ್ ಮುಚ್ಚಳಕ್ಕೆ ಆಗಲೇ ಕೈ ಹಾಕಬೇಡಿ, ಕೈಮುಗಿದು ಕೇಳುತ್ತೇನೆ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಕುದಿನೀರು ಹಬೆಯ ಜೊತೆ ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಬಿಡಿ. ಮೇಲಿನ ರಬ್ಬರ್ ಪೈಪು ಕೈಗೆ ಸುಡದಂತಾದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತೆಗೆಯಿರಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯುವುದಂತೂ ಬೇಡವೇ ಬೇಡ, ಇಂಜಿನ್ ಹೆಡ್ ಸೀಳಬಹುದು.

ಈಗ ಮುಖ್ಯ ಮಾತು. ಬಿಸಿಲನ್ನು ಬೈಯುತ್ತೇವೆ, ಆದರೆ ನಮ್ಮ ಕಡೆ ವ್ಯಾನುಗಳನ್ನು ಒಳಗಿಂದ ಕೊಲ್ಲುವುದು ಬೋರಿನ ನೀರು. ಅದೇ ನೀರು ಕಾಯಿಸುವ ಪಾತ್ರೆಯ ತಳ ನೋಡಿ, ಬಿಳಿ ಉಪ್ಪು ಗಟ್ಟಿಯಾಗಿ ಕಚ್ಚಿರುತ್ತದೆ. ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಆಗುವುದು ಅದೇ. ಉಪ್ಪು ಕಟ್ಟಿದ ಮೇಲೆ ನೀರು ಹರಿಯುವುದಿಲ್ಲ, ಬಿಸಿ ಹೊರಗೆ ಹೋಗುವುದಿಲ್ಲ. ದಾರಿಯಲ್ಲಿ ಬೇರೆ ಗತಿ ಇಲ್ಲದಿದ್ದರೆ ಬೋರಿನ ನೀರೇ ಹಾಕಿ ಗ್ಯಾರೇಜು ಮುಟ್ಟಿ, ತಪ್ಪಿಲ್ಲ. ಮುಟ್ಟಿದ ಮೇಲೆ ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಕೂಲೆಂಟ್ ತುಂಬಿಸಿ. ರೆಡಿಮೇಡ್ ಕೂಲೆಂಟ್ ಆದರೆ ನೀರು ಬೆರೆಸಬಾರದು. ಗಟ್ಟಿ ಕೂಲೆಂಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ, ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು.

ಹೊರಗಿನ ಕೊಳೆಯೂ ಕಡಿಮೆಯಲ್ಲ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಗಳ ರೇಡಿಯೇಟರಿಗೆ ಅದಿರಿನ ಕೆಂಪು ಧೂಳು ಮೆತ್ತುತ್ತದೆ. ಸಿರುಗುಪ್ಪದ ಕಡೆ ಭತ್ತದ ಕೊಯ್ಲಿನಲ್ಲಿ ಹೊಟ್ಟು, ಹುಲ್ಲು ಸಿಕ್ಕಿಕೊಳ್ಳುತ್ತದೆ. ಇಂಜಿನ್ ತಣ್ಣಗಿದ್ದಾಗ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ. ವಾಟರ್ ಸರ್ವಿಸ್‌ನ ಜೋರು ಪ್ರೆಶರ್ ಬೇಡ, ರೇಡಿಯೇಟರಿನ ತೆಳು ಫಿನ್‌ಗಳು ಮಡಚಿಕೊಳ್ಳುತ್ತವೆ. ಹಾಗೆಯೇ ಫ್ಯಾನ್ ತಿರುಗುತ್ತದೆಯೇ, ಬೆಲ್ಟ್ ಸಡಿಲವಾಗಿದೆಯೇ ನೋಡಿಕೊಳ್ಳಿ.

ಗ್ಯಾಸ್ ಕಿಟ್ ಇರುವವರು ಇನ್ನೊಂದು ಗಮನಿಸಿ. ಕಿಟ್‌ನ ರೆಡ್ಯೂಸರ್ ಬೆಚ್ಚಗಿರಲು ಇಂಜಿನ್‌ನ ಬಿಸಿನೀರೇ ಪೈಪಿನಲ್ಲಿ ಅಲ್ಲಿಗೆ ಹೋಗುತ್ತದೆ. ಆ ಪೈಪುಗಳ ಕ್ಲಿಪ್ಪಿನಲ್ಲಿ ಸೋರಿಕೆ ಸಾಮಾನ್ಯ. ಈ ಬಿಸಿಲಲ್ಲೂ ರೆಡ್ಯೂಸರ್ ಮೇಲೆ ಬಿಳಿ ಮಂಜು ಕಟ್ಟಿದ್ದರೆ ಅಲ್ಲಿಗೆ ಬಿಸಿನೀರು ಮುಟ್ಟುತ್ತಿಲ್ಲ ಎಂದರ್ಥ, ಮೊದಲು ರೇಡಿಯೇಟರ್ ನೀರು ನೋಡಿ.

ಇಂಜಿನ್ ಕಾಯುತ್ತದೆಂದರೆ ಕೆಲವು ಮೆಕ್ಯಾನಿಕ್‌ಗಳು ರೇಡಿಯೇಟರಿಗೆ ನೀರು ಬಿಡುವ, ತಡೆಯುವ ಥರ್ಮೋಸ್ಟಾಟನ್ನೇ ತೆಗೆದುಬಿಡೋಣ ಅನ್ನುತ್ತಾರೆ. ಒಪ್ಪಬೇಡಿ. ಅದಿಲ್ಲದಿದ್ದರೆ ಬೆಳಗಿನ ಹೊತ್ತು ಇಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ಗೇಜು ಕಡ್ಡಿಯಲ್ಲಿ ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದೆಯೇ? ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ ನಿಲ್ಲುತ್ತಿಲ್ಲವೇ? ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಅಲ್ಲಿಂದ ಒಂದು ಕಿಲೋಮೀಟರ್ ಕೂಡ ಓಡಿಸದೆ ಗಾಡಿ ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ, ಹೆಡ್ ಬಿಚ್ಚಿಸಿದಾಗ ಮಟ್ಟಸವಾಗಿದೆಯೇ ಎಂದು ಲೇತ್ ಅಂಗಡಿಯಲ್ಲಿ ನೋಡಿಸಿಯೇ ಹೊಸ ಗ್ಯಾಸ್ಕೆಟ್ ಕೂರಿಸಲು ಹೇಳಿ.