ಕೃಷ್ಣೆಯ ಪಂಪ್‌ಸೆಟ್ಟು, ಶರಾವತಿಯ ಕಣಿವೆ

(ನವೀಕರಿಸಬಹುದಾದ ಇಂಧನಕ್ಕೆ ಇಡೀ ರಾಜ್ಯ ಹೊರಳುವ ಸಾಧ್ಯಾಸಾಧ್ಯತೆ ಕುರಿತ ಉಪನ್ಯಾಸದ ಲಿಖಿತ ರೂಪ)



ಘಟ್ಟದ ಊರುಗಳ ಜನ ಸೇರಿದ ಸಭೆಯಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಅವು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನ ತಾಲ್ಲೂಕುಗಳು; ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಕಬ್ಬಿನ ನಾಡು. ಆದರೆ ಅಥಣಿಯ ಹೊಲದಲ್ಲಿ ರಾತ್ರಿ ಎರಡು ಗಂಟೆಗೆ ತಿರುಗುವ ಮೋಟರಿಗೂ ಶರಾವತಿಯ ಕಣಿವೆಗೂ ಒಂದೇ ತಂತಿಯ ಸಂಬಂಧವಿದೆ. ಸೂರ್ಯ ಮುಳುಗಿದ ಮೇಲೆ ಬಯಲಿನಲ್ಲಿ ಬೇಡಿಕೆ ಏರಿದರೆ ಘಟ್ಟದ ಜಲಾಶಯದ ನೀರು ಯಂತ್ರಕ್ಕೆ ಹರಿಯಬೇಕು, ಇಲ್ಲವೆ ರಾಯಚೂರಿನ ಬಾಯ್ಲರಿಗೆ ಕಲ್ಲಿದ್ದಲು ಬೀಳಬೇಕು. ಆದಕಾರಣ ಬಯಲಿನ ಪಂಪ್‌ಸೆಟ್ಟಿನ ಲೆಕ್ಕವು ಘಟ್ಟದ ಕಾಡಿನ ಲೆಕ್ಕವೂ ಆಗಿದೆ.

ನವೀಕರಿಸಬಹುದಾದ ಇಂಧನ ಈ ನಾಡಿಗೆ ಹೊಸದಲ್ಲ. ಗೋಕಾಕ ಜಲಪಾತದ ನೀರಿನ ಬಲದಿಂದ 1887ರಲ್ಲಿಯೇ ಅಲ್ಲಿನ ನೂಲಿನ ಗಿರಣಿ ನಡೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1948ರಲ್ಲಿ ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದವು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಆರಂಭವಾಗುವ ತನಕ ರಾಜ್ಯದ ಸ್ವಂತ ವಿದ್ಯುತ್ತು ಬಹುಮಟ್ಟಿಗೆ ನೀರಿನದೇ ಆಗಿತ್ತು. ಹೊಗೆಯಿಲ್ಲದ ಆ ವಿದ್ಯುತ್ತಿನ ಬೆಲೆಯನ್ನು ತೆತ್ತವರು ಯಾರೆಂಬುದು ಶರಾವತಿಯ ಮುಳುಗಡೆ ಸಂತ್ರಸ್ತರಿಗೆ ಗೊತ್ತು. ಆದ್ದರಿಂದ ‘ನವೀಕರಿಸಬಹುದಾದ’ ಎಂಬ ವಿಶೇಷಣವೊಂದೇ ಯಾವ ಯೋಜನೆಯನ್ನೂ ನಿರ್ದೋಷಿಯನ್ನಾಗಿ ಮಾಡದು. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ 1980ರ ಸುಮಾರಿಗೆ ಘಟ್ಟದ ಜನ ಎದ್ದು ನಿಂತಾಗ ಅವರ ಕೈಯಲ್ಲಿದ್ದುದು ಬರಿಯ ಘೋಷಣೆಯಲ್ಲ, ಲಾಭನಷ್ಟಗಳ ಲೆಕ್ಕ. ಇಂದಿನ ಪ್ರಶ್ನೆಗೂ ಅದೇ ಮಾರ್ಗ ಸೂಕ್ತ.

ಮೊದಲನೆಯದು ಪ್ರಮಾಣದ ಲೆಕ್ಕ. 2023-24ರಲ್ಲಿ ರಾಜ್ಯಕ್ಕೆ ಬೇಕಾದ ವಿದ್ಯುತ್ತು ಸುಮಾರು 9,000 ಕೋಟಿ ಯೂನಿಟ್ಟು. ಒಂದು ಮೆಗಾವ್ಯಾಟ್ ಸೌರಫಲಕ ಇಲ್ಲಿನ ಬಿಸಿಲಿನಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ಟು ಕೊಡುತ್ತದೆ. ಎಲ್ಲವನ್ನೂ ಬಿಸಿಲಿನಿಂದಲೇ ಪಡೆಯುವುದಾದರೆ ಬೇಕಾದದ್ದು 60,000 ಮೆಗಾವ್ಯಾಟ್. ಪಾವಗಡದ ಸೌರ ಪಾರ್ಕಿನಲ್ಲಿ 2,050 ಮೆಗಾವ್ಯಾಟಿಗೆ ಸುಮಾರು 13,000 ಎಕರೆ ಹಿಡಿದಿದೆ. ಅದೇ ಪ್ರಮಾಣದಲ್ಲಿ ಇಡೀ ರಾಜ್ಯಕ್ಕೆ ನಾಲ್ಕು ಲಕ್ಷ ಎಕರೆಗಿಂತ ಸ್ವಲ್ಪ ಕಡಿಮೆ ನೆಲ ಸಾಕು. ಕರ್ನಾಟಕದ ಒಟ್ಟು ನೆಲದಲ್ಲಿ ಇದು ನೂರಕ್ಕೆ ಒಂದು ಪಾಲೂ ಅಲ್ಲ. ಸೌರಶಕ್ತಿಯ ಸ್ಥಾಪಿತ ಸಾಮರ್ಥ್ಯ ಈಗಾಗಲೇ 8,000 ಮೆಗಾವ್ಯಾಟನ್ನೂ ಗಾಳಿಯದು 6,000 ಮೆಗಾವ್ಯಾಟನ್ನೂ ದಾಟಿದೆ. ಪ್ರಮಾಣದ ದೃಷ್ಟಿಯಿಂದ ಪರಿವರ್ತನೆ ಅಸಾಧ್ಯವೆನ್ನಲು ಆಧಾರವಿಲ್ಲ.

ಆದರೆ ಆ ನೆಲ ಯಾರದು? ಪಾವಗಡದಲ್ಲಿ ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಯೊಡನೆ ಗುತ್ತಿಗೆಗೆ ಪಡೆಯಲಾಯಿತು. ಬರದ ಸೀಮೆಯ ಹಿಡುವಳಿದಾರನಿಗೆ ಅದೊಂದು ಆಧಾರ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತನಿಗೆ ಮಾತ್ರ ಗುತ್ತಿಗೆಯ ಹಣವೂ ಇಲ್ಲ, ಕೆಲಸವೂ ಇಲ್ಲ. ನಾಲ್ಕು ಲಕ್ಷ ಎಕರೆಯ ಲೆಕ್ಕ ಹಾಕುವವರು ಇವನನ್ನೂ ಎಣಿಸಬೇಕು.

ಎರಡನೆಯದು ಋತುಮಾನದ ಲೆಕ್ಕ. ನಿಜವಾದ ಕಷ್ಟ ಇಲ್ಲಿದೆ. ಮಾರ್ಚಿಯಿಂದ ಮೇವರೆಗೆ ಬಿಸಿಲು ಹೇರಳ. ಆಷಾಢ ಶ್ರಾವಣಗಳಲ್ಲಿ ಮೋಡ ಕವಿದು ಸೌರಫಲಕ ಸೊರಗಿದರೂ ಚಿತ್ರದುರ್ಗ, ಗದಗಗಳ ಗುಡ್ಡಗಳಲ್ಲಿ ಗಾಳಿ ಬಿರುಸಾಗುತ್ತದೆ. ನವೆಂಬರಿನಿಂದ ಕಬ್ಬು ನುರಿಯುವ ಹಂಗಾಮು. ಮೊದಲಿಗೆ ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿದ ಉಗಾರ ಖುರ್ದದ ಕಾರ್ಖಾನೆಯಂಥವು ಕಬ್ಬಿನ ಸಿಪ್ಪೆಯನ್ನು ಉರಿಸಿ, ತಮಗೆ ಬೇಕಾದುದನ್ನು ಬಳಸಿಕೊಂಡು ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಕೊಡುತ್ತವೆ. ನುರಿಸಿದ ಕಬ್ಬಿನ ತೂಕದಲ್ಲಿ ಹತ್ತಿರಹತ್ತಿರ ಶೇಕಡಾ 30ರಷ್ಟು ಸಿಪ್ಪೆಯೇ. ಬಿಸಿಲು, ಗಾಳಿ, ಸಿಪ್ಪೆ ಒಂದರ ಹಿಂದೊಂದು ಬರುವಂತೆ ಪ್ರಕೃತಿಯೇ ಏರ್ಪಾಟು ಮಾಡಿದಂತಿದೆ.

ಈ ಏರ್ಪಾಟಿನಲ್ಲಿ ಒಂದು ಬಿರುಕಿದೆ. ಅಕ್ಟೋಬರಿನಲ್ಲಿ ಗಾಳಿ ಇಳಿದಿರುತ್ತದೆ, ಕಾರ್ಖಾನೆಗಳು ಇನ್ನೂ ಹೊತ್ತಿರುವುದಿಲ್ಲ. ಮಳೆ ಸರಿಯಾಗಿ ಆಗಿದ್ದರೆ ತುಂಬಿದ ಜಲಾಶಯಗಳು ಆ ತಿಂಗಳನ್ನು ದಾಟಿಸುತ್ತವೆ. 2023ರಲ್ಲಿ ಮಳೆ ಕೈಕೊಟ್ಟಿತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಜಲಾಶಯ ತುಂಬಲಿಲ್ಲ, ಹೊಲ ಒಣಗಿದ್ದರಿಂದ ಪಂಪ್‌ಸೆಟ್ಟುಗಳು ಮಳೆಗಾಲದಲ್ಲೇ ಓಡತೊಡಗಿದವು. ಪೂರೈಕೆ ಕುಸಿದ ಹೊತ್ತಿಗೇ ಬೇಡಿಕೆ ಏರಿತು. ಆ ಅಕ್ಟೋಬರಿನಲ್ಲಿ ರೈತರಿಗೆ ಏಳು ತಾಸಿನ ಬದಲು ಐದು ತಾಸು ತ್ರೀ ಫೇಸ್ ವಿದ್ಯುತ್ತು ಎಂದಾಯಿತು. ಇಡೀ ರಾಜ್ಯದ ಪರಿವರ್ತನೆ ಸಾಧ್ಯವೇ ಎಂಬುದಕ್ಕೆ ಪರೀಕ್ಷೆಯಾಗಬೇಕಾದದ್ದು ಮೇ ತಿಂಗಳ ಮಧ್ಯಾಹ್ನವಲ್ಲ, ಬರಗಾಲದ ಅಕ್ಟೋಬರಿನ ಸಂಜೆ.

ಆ ಸಂಜೆಗಾಗಿ ಸೂಚಿತವಾಗಿರುವ ಉತ್ತರವೇ ಶರಾವತಿಯ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲಿನ ಅಗ್ಗದ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ಕೆಳಗಿಳಿಸಿ 2,000 ಮೆಗಾವ್ಯಾಟ್ ಪಡೆಯುವುದು ಅದರ ಉದ್ದೇಶ. ಇಂಥ ಯೋಜನೆಗಳಲ್ಲಿ ನೂರು ಯೂನಿಟ್ಟು ಬಳಸಿದರೆ ಮರಳಿ ಬರುವುದು ಸುಮಾರು 75ರಿಂದ 80. ನಡುವಿನ ಕಣಿವೆ ಸಿಂಗಳೀಕಗಳ ಅಭಯಾರಣ್ಯ. 2025ರ ಜೂನಿನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇದಕ್ಕೆ ತಾತ್ವಿಕ ಒಪ್ಪಿಗೆ ನೀಡಿತು. ಸಂಗ್ರಹ ಬೇಕೆಂಬುದು ಸುಳ್ಳಲ್ಲ. ಆದರೆ ಸಂಗ್ರಹಿಸಬೇಕಾದುದು ಎಷ್ಟು ಎಂಬುದನ್ನು ಮೊದಲು ತೀರ್ಮಾನಿಸದೆ, ಎಲ್ಲಿ ಎಂಬುದನ್ನು ತೀರ್ಮಾನಿಸಿದ್ದು ಸರಿಯೆ?

ಈ ‘ಎಷ್ಟು’ ಎಂಬುದರ ಕೀಲಿಕೈ ಬಯಲಿನಲ್ಲಿದೆ. ರಾಜ್ಯದ ವಿದ್ಯುತ್ ಬಳಕೆಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳದು. ಅವುಗಳ ಸಂಖ್ಯೆ 30 ಲಕ್ಷ ಮೀರಿದೆ. ಅವುಗಳಲ್ಲಿ 10 ಲಕ್ಷ ಮೋಟರುಗಳು ತಲಾ 5 ಅಶ್ವಶಕ್ತಿಯವು ಎಂದಿಟ್ಟುಕೊಂಡರೆ ಒಟ್ಟು 3,700 ಮೆಗಾವ್ಯಾಟ್ ಆಗುತ್ತದೆ. ಅರ್ಧದಷ್ಟೇ ರಾತ್ರಿ ಒಮ್ಮೆಗೆ ಓಡುತ್ತವೆ ಎಂದರೂ 1,850 ಮೆಗಾವ್ಯಾಟ್. ಶರಾವತಿಯ ಯೋಜನೆಯ ಸಾಮರ್ಥ್ಯಕ್ಕೆ ಅದು ಸರಿಸುಮಾರು ಸಮ. ದೀಪಕ್ಕೆ ಸಂಜೆಯೇ ಬೇಕು, ಬೆಳೆಗೆ ಬೇಕಿಲ್ಲ. ರಾತ್ರಿಯ ಪಾಳಿಯನ್ನು ಹಗಲಿಗೆ ತಂದಷ್ಟೂ ಸಂಗ್ರಹದ ಅಗತ್ಯ ಇಳಿಯುತ್ತದೆ; ಕತ್ತಲಲ್ಲಿ ಹಾವು ತುಳಿಯುವ ಭಯವಿಲ್ಲದೆ ರೈತ ನೀರು ಹಾಯಿಸಬಹುದು.

ಇದಕ್ಕೆ ಐದು ತಾಲ್ಲೂಕುಗಳು ತಕ್ಕ ಪ್ರಯೋಗಭೂಮಿ. ಖಿಳೇಗಾಂವ ಬಸವೇಶ್ವರ ಏತ ನೀರಾವರಿಯಂಥ ಯೋಜನೆಗಳು ಅಥಣಿ ಭಾಗದ ಬರದ ಊರುಗಳಿಗೆ ಕೃಷ್ಣೆಯ ನೀರನ್ನು ಮೇಲೆತ್ತಲು ರೂಪಿತವಾದವು. ಆ ಎತ್ತುವಿಕೆ ಬಿಸಿಲಿರುವಾಗಲೇ ನಡೆದು ನೀರು ಕೆರೆಯಲ್ಲಿ ನಿಂತರೆ, ಬೇರೆ ಬ್ಯಾಟರಿ ಬೇಕಿಲ್ಲ, ಕೆರೆಯೇ ಸಂಗ್ರಹಾಗಾರ. ಹಿಡಕಲ್ ಜಲಾಶಯದ ಕಾಲುವೆ ಹಾಯುವ ರಾಯಬಾಗ, ಚಿಕ್ಕೋಡಿ ಸೀಮೆಯಲ್ಲಿ ಪಂಪ್‌ಸೆಟ್ಟುಗಳ ಫೀಡರುಗಳಿಗೆ ಊರ ಹತ್ತಿರವೇ ಸೌರಘಟಕ ಜೋಡಿಸಬಹುದು. 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಇದಕ್ಕೆ ಅವಕಾಶವಿದೆ. ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮುಗಳ ವಿಶಾಲ ಮಾಡುಗಳಿವೆ. ಅವಕ್ಕೆ ಹೊಸ ನೆಲ ಬೇಡ.

ಎಚ್ಚರಿಕೆಯ ಮಾತುಗಳೂ ಇವೆ. ಹಗಲೆಲ್ಲ ಪುಕ್ಕಟೆ ಓಡುವ ಸೌರ ಮೋಟರು ಬೋರ್‌ವೆಲ್ಲಿನ ತಳವನ್ನೇ ಬತ್ತಿಸಬಲ್ಲದು. ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಮಾರಿ ರೈತ ಹಣ ಪಡೆಯುವಂತಿದ್ದರೆ ನೀರು ಉಳಿಸುವುದರಲ್ಲಿ ಅವನಿಗೂ ಲಾಭ. 2014ರ ಸೂರ್ಯ ರೈತ ಯೋಜನೆಯ ಹಿಂದಿದ್ದುದು ಈ ವಿಚಾರವೇ. ಸಿಪ್ಪೆಯ ವಿದ್ಯುತ್ತನ್ನು ಹೊಗಳುವಾಗ ಕಬ್ಬು ಕುಡಿಯುವ ನೀರನ್ನು ಮರೆಯಲಾಗದು: 2019ರ ಮೇ ತಿಂಗಳಲ್ಲಿ ಈ ಭಾಗದ ಕೃಷ್ಣೆ ಒಣಗಿ, ಕೊಯ್ನಾದ ನೀರಿಗಾಗಿ ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಊರುಗಳನ್ನು ಮುಳುಗಿಸಿತು. 2021ರಲ್ಲಿ ಮತ್ತೆ ಮುಳುಗಿಸಿತು. ದಂಡೆಯ ಮೇಲೆ ನೆಡುವ ಕಂಬ, ಫಲಕ, ಟಿ.ಸಿ.ಗಳು ಪ್ರವಾಹದ ಮಟ್ಟವನ್ನು ಅರಿತೇ ನಿಲ್ಲಬೇಕು.

ಒಟ್ಟಿನಲ್ಲಿ, ಇಡೀ ರಾಜ್ಯ ನವೀಕರಿಸಬಹುದಾದ ಇಂಧನಕ್ಕೆ ಹೊರಳುವುದು ಪ್ರಮಾಣದಲ್ಲಿ ಸಾಧ್ಯ, ಋತುಮಾನದಲ್ಲಿ ಕಷ್ಟಸಾಧ್ಯ. ನ್ಯಾಯದ ದೃಷ್ಟಿಯಿಂದ ಅದು ಅನುಸರಿಸುವ ಕ್ರಮವನ್ನು ಅವಲಂಬಿಸಿದೆ. ಮೊದಲು ಬೇಡಿಕೆಯನ್ನು ಹಗಲಿಗೆ ತರುವುದು. ಆಮೇಲೆ ಮಾಡು, ಕೆರೆ, ಈಗಿರುವ ಅಣೆಕಟ್ಟುಗಳ ಪೂರ್ಣ ಬಳಕೆ. ಅನಂತರ ಬೆಲೆ ಇಳಿಯುತ್ತಿರುವ ಬ್ಯಾಟರಿ. ಇವೆಲ್ಲ ಮುಗಿದ ಮೇಲೂ ಕೊರತೆ ಉಳಿದರೆ ಮಾತ್ರ ಹೊಸ ಕಣಿವೆಯ ಮಾತು. ಇಂದು ಈ ಕ್ರಮ ತಲೆಕೆಳಗಾಗಿದೆ.

ವಿದ್ಯಾರ್ಥಿ ಮಿತ್ರರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಮ್ಮ ಊರಿನ ಒಂದು ಫೀಡರಿನಲ್ಲಿ ಎಷ್ಟು ಪಂಪ್‌ಸೆಟ್ಟುಗಳಿವೆ, ಅವು ಯಾವ ತಾಸಿನಲ್ಲಿ ಓಡುತ್ತವೆ ಎಂಬುದನ್ನು ಒಂದು ವರ್ಷ ಬರೆದಿಡಲಿ. ಬಯಲಿನ ಕಾಲೇಜೊಂದು, ಘಟ್ಟದ ಕಾಲೇಜೊಂದು ಆ ಪುಸ್ತಕಗಳನ್ನು ವಿನಿಮಯ ಮಾಡಿಕೊಳ್ಳಲಿ. ಕಣಿವೆಯನ್ನು ಉಳಿಸಬೇಕೆನ್ನುವವರಿಗೆ ಅಥಣಿಯ ರೈತ ಎದುರಾಳಿಯಲ್ಲ. ಹಗಲು ವಿದ್ಯುತ್ತು ಕೇಳುವ ಅವನ ಬೇಡಿಕೆಯೂ ಕಾಡು ಉಳಿಯಲೆಂಬ ಅವರ ಬೇಡಿಕೆಯೂ ಒಂದೇ ಅರ್ಜಿಯಲ್ಲಿ ಹಿಡಿಸುತ್ತವೆ.