ಉಣ್ಣಿಯೊಳಗಿನ ರೋಗಾಣುವನ್ನು ಗುರುತಿಸುವ ಬಗೆ
(ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮುಖ್ಯಾಧ್ಯಾಪಕಿಯವರ ಭಾಷಣ)



ಖಿಲಾರಿ ಎತ್ತು, ಮಾಡಗ್ಯಾಳ ಕುರಿಗಳ ಈ ಜತ್ತ ತಾಲೂಕಿನಲ್ಲಿ ಉಣ್ಣಿಯನ್ನು ಕಾಣದವರಿಲ್ಲ. ಮರಾಠಿ ಬಂಧುಗಳು ಅದನ್ನೇ ಗೋಚೀಡ ಎನ್ನುತ್ತಾರೆ. ಉಣ್ಣಿಯ ರೋಗವೆಂದೊಡನೆ ಮಲೆನಾಡಿನ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ರೋಗಕ್ಕೆ ಕಾರಣ ವೈರಸ್. ನಾನಿಂದು ಹೇಳಹೊರಟಿರುವುದು ಉಣ್ಣಿಗಳು ಹೊತ್ತು ತರುವ ಬ್ಯಾಕ್ಟೀರಿಯಗಳ ವಿಚಾರ. ದನಗಳ ಕೆಂಪು ರಕ್ತಕಣಗಳನ್ನು ಹೊಕ್ಕು ಜ್ವರ, ರಕ್ತಹೀನತೆ ತರುವ ಅನಾಪ್ಲಾಸ್ಮಾ ಅಂಥದೊಂದು. ಮನುಷ್ಯರಿಗೆ ಜ್ವರವನ್ನೂ, ಅಂಗೈ ಅಂಗಾಲಿನವರೆಗೆ ಹರಡುವ ದದ್ದುಗಳನ್ನೂ ತರುವ ರಿಕೆಟ್ಸಿಯಾ ಇನ್ನೊಂದು.

ಇವು ಗಾಜಿನ ತಟ್ಟೆಯ ಆಹಾರದ ಮೇಲೆ ಬೆಳೆಯವು. ಜೀವಂತ ಕೋಶವೇ ಬೇಕು. ಬಹುಕಾಲದಿಂದ ಬಳಕೆಯಲ್ಲಿರುವ ವೀಲ್-ಫೆಲಿಕ್ಸ್ ಪರೀಕ್ಷೆಯೂ ರಿಕೆಟ್ಸಿಯಾವನ್ನು ನೇರವಾಗಿ ಹುಡುಕುವುದಿಲ್ಲ. ರೋಗಿಯ ರಕ್ತದ್ರವವು ಪ್ರೋಟಿಯಸ್ ಎಂಬ ಬೇರೊಂದು ಬ್ಯಾಕ್ಟೀರಿಯದೊಡನೆ ಹೇಗೆ ವರ್ತಿಸುತ್ತದೆಂದು ನೋಡಿ ಊಹಿಸುತ್ತದೆ. ನೆರೆಮನೆಯವನ ಮಾತಿನ ಮೇಲೆ ಕಳ್ಳನನ್ನು ಹಿಡಿದಂತೆ!

ಆಣ್ವಿಕ ವಿಧಾನದಲ್ಲಿ ಉಣ್ಣಿಯ ಹೊರಮೈಯನ್ನು ಆಲ್ಕೋಹಾಲಿನಿಂದ ತೊಳೆದು, ಅರೆದು, ಡಿಎನ್‌ಎ ತೆಗೆಯುತ್ತಾರೆ. ಅದರಲ್ಲಿ ಉಣ್ಣಿಯದು, ದನದ್ದು, ಬ್ಯಾಕ್ಟೀರಿಯದ್ದು ಎಲ್ಲವೂ ಬೆರೆತಿರುತ್ತದೆ. 16ಎಸ್ ಎಂಬ, ಸುಮಾರು 1500 ಅಕ್ಷರಗಳ ಜೀನು ಎಲ್ಲ ಬ್ಯಾಕ್ಟೀರಿಯಗಳಲ್ಲೂ ಉಂಟು. ಅದರ ಕೆಲವು ಭಾಗಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಉಳಿದವು ಜಾತಿಯಿಂದ ಜಾತಿಗೆ ಬೇರೆ. ಸಮಾನ ಭಾಗಗಳಿಗೆ ಅಂಟುವ ಪ್ರೈಮರ್ ಎಂಬ ತುಣುಕುಗಳನ್ನು ಸೇರಿಸಿ ಪಿಸಿಆರ್ ಯಂತ್ರದಲ್ಲಿಟ್ಟರೆ, ಸುಮಾರು 95 ಡಿಗ್ರಿಯಲ್ಲಿ ಎಳೆಗಳು ಬಿಡುತ್ತವೆ, ತಣಿಸಿದಾಗ ಪ್ರೈಮರ್ ಅಂಟುತ್ತದೆ, 72ರಲ್ಲಿ ನಕಲು ಬೆಳೆಯುತ್ತದೆ. ಪ್ರತಿ ಸುತ್ತಿಗೂ ದುಪ್ಪಟ್ಟು. ಲೆಕ್ಕದಂತೆ 30 ಸುತ್ತಿಗೆ ಒಂದು ಪ್ರತಿ ನೂರು ಕೋಟಿಯನ್ನು ದಾಟುತ್ತದೆ. ಘಾತಾಂಕ ಯಾತಕ್ಕೆಂದು ಕೇಳುವ ಮಕ್ಕಳಿಗೆ ನನ್ನ ಉತ್ತರವಿದು. ಬಳಿಕ ಆ ಅಕ್ಷರಗಳನ್ನು ಓದಿ, ಈಗಾಗಲೇ ತಿಳಿದಿರುವ ಬ್ಯಾಕ್ಟೀರಿಯಗಳ ಅಕ್ಷರಮಾಲೆಯೊಡನೆ ಹೋಲಿಸುತ್ತಾರೆ.

ಆದರೆ ಡಿಎನ್‌ಎ ಸಿಕ್ಕಿದ ಮಾತ್ರಕ್ಕೆ ಆ ಉಣ್ಣಿಯೇ ರೋಗ ಹರಡುತ್ತದೆಂದು ಹೇಳಲಾಗದು. ಆಗಷ್ಟೇ ಹೀರಿದ ರಕ್ತದೊಡನೆ ಅದು ಬಂದಿರಬಹುದು. ಸತ್ತ ಬ್ಯಾಕ್ಟೀರಿಯದ ಡಿಎನ್‌ಎ ಕೂಡ ನಕಲಾಗುತ್ತದೆ. ಪರೀಕ್ಷೆಯಲ್ಲಿ ಬರೀ ನೀರಿನ ಮಾದರಿಯೊಂದನ್ನೂ ಜೊತೆಗಿಡುತ್ತಾರೆ. ನೀರಿನಲ್ಲೂ ರೋಗಾಣು ‘ಕಂಡರೆ’ ಆ ಸರದಿಯ ಫಲಿತಾಂಶವನ್ನು ನಂಬುವಂತಿಲ್ಲ. ಈ ಕಟ್ಟುನಿಟ್ಟು ನನಗೆ ಯಂತ್ರಕ್ಕಿಂತ ದೊಡ್ಡದೆನಿಸುತ್ತದೆ.

ಪಾಲಕರಲ್ಲಿ ಒಂದು ವಿನಂತಿ. ಕುರಿಯ ಮೈಯಿಂದ ಕಿತ್ತ ಉಣ್ಣಿಯನ್ನು ಮಕ್ಕಳು ಉಗುರಿನಿಂದ ಹಿಸುಕದಂತೆ ನೋಡಿಕೊಳ್ಳಿರಿ. ಗಾಯವಿದ್ದ ಬೆರಳಿನಿಂದ ರೋಗಾಣು ಒಳಸೇರಬಹುದು. ಜ್ವರ ಬಂದ ಮಗುವಿಗೆ ಈಚೆಗೆ ಉಣ್ಣಿ ಕಚ್ಚಿತ್ತೆಂದಾದರೆ ವೈದ್ಯರಿಗೆ ತಪ್ಪದೆ ತಿಳಿಸಿರಿ. ರಿಕೆಟ್ಸಿಯಾಕ್ಕೆ ಪೆನಿಸಿಲಿನ್ ನಾಟದು, ಡಾಕ್ಸಿಸೈಕ್ಲಿನ್ ನಾಟುತ್ತದೆ. ಸಂಶಯ ಬಲವಾಗಿದ್ದರೆ ಪರೀಕ್ಷೆಯ ವರದಿಗೆ ಕಾಯದೆ ವೈದ್ಯರು ಅದನ್ನು ಆರಂಭಿಸುತ್ತಾರೆ.